ತೀರ್ಥಹಳ್ಳಿಗೆ ಕಾಲೇಜು ಬಂದ ದಾರಿ

ಹೊಳೆಬದಿ:

ಊರಿನ ಬಗ್ಗೆ ಹೊರಗಿನವರು ಕೇಳಿದಾಗ ತೀರ್ಥಹಳ್ಳಿಯವರಾದ ನಾವು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಹೇಳುತ್ತೇವೆ. ಪರಶುರಾಮನ ಕೊಡಲಿಗೆ ಅಂಟಿದ್ದ ರಕ್ತದ ಕಲೆ ಕೊನೆಗೂ ತೊಳೆದುಹೋದದ್ದು ನಮ್ಮ ತುಂಗೆಯಲ್ಲಿ ಎಂಬುದು ಮೊದಲನೆಯದು. ಈ ತಾಲ್ಲೂಕು ಇಬ್ಬರು ಜ್ಞಾನಪೀಠ ಪುರಸ್ಕೃತರನ್ನು ಕೊಟ್ಟಿತು ಎಂಬುದು ಎರಡನೆಯದು. ಎರಡೂ ಹೆಮ್ಮೆಯ ಮಾತುಗಳೇ. ಆದರೆ ಈ ಎರಡರ ನಡುವೆ ಒಂದು ಊರು ಇದೆ. ಪುರಾಣದ ತೀರ್ಥಕ್ಷೇತ್ರವಾಗಿದ್ದ ನದಿದಂಡೆಯ ಒಂದು ಪೇಟೆ ಸುತ್ತಲಿನ ನೂರಾರು ಹಳ್ಳಿಗಳ ಮಕ್ಕಳು ಓದಲು ಇಳಿದು ಬರುವ ಊರಾಗಿ ಬದಲಾದದ್ದು ಹೇಗೆ ಎಂಬುದನ್ನು ಮಾತ್ರ ನಾವು ಕೂಡಿ ಕುಳಿತು ಹೇಳಿಕೊಂಡಿಲ್ಲ. ಆ ಪ್ರಶ್ನೆಯನ್ನು ನಿಮ್ಮೆಲ್ಲರ ಮುಂದಿಡಬೇಕೆಂದು ಬಹಳ ದಿನಗಳಿಂದ ಅನಿಸುತ್ತಿತ್ತು.

ನನಗೆ ತಿಳಿದಷ್ಟನ್ನು ಮೊದಲು ಹೇಳುತ್ತೇನೆ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಯನ್ನು ದಾಟಿ ನಮ್ಮಲ್ಲಿಗೆ ಬರುತ್ತಾಳೆ. ಇಲ್ಲಿಂದ ಮಂಡಗದ್ದೆ, ಗಾಜನೂರು, ಶಿವಮೊಗ್ಗಗಳನ್ನು ಹಾದು ಕೂಡ್ಲಿಯಲ್ಲಿ ಭದ್ರೆಯನ್ನು ಸೇರುವಾಗ ಆಕೆ ಸುಮಾರು 147 ಕಿಲೋಮೀಟರ್ ಹರಿದಿರುತ್ತಾಳೆ. ಆ ಹಾದಿಯಲ್ಲಿ ಬಂಡೆಗಳ ನಡುವೆ ರಾಮಕುಂಡವಿರುವ, ದಂಡೆಯ ಮೇಲೆ ರಾಮೇಶ್ವರ ದೇವಸ್ಥಾನವಿರುವ ನಮ್ಮ ಜಾಗಕ್ಕೆ ಹಿಂದೆ ತೀರ್ಥರಾಜಪುರ ಎಂಬ ಹೆಸರಿತ್ತು. ಆಡಳಿತದ ಗೌರವ ಮಾತ್ರ ಬಹುಕಾಲ ಬೆಟ್ಟದ ಮೇಲಿತ್ತು. ಕೆಳದಿ ಅರಸರ ಕೋಟೆಯಾದ ಕವಲೇದುರ್ಗದ ಹೆಸರಿನಲ್ಲೇ ತಾಲ್ಲೂಕನ್ನು ಕರೆಯುತ್ತಿದ್ದರು. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಕೆಳದಿಯ ಆಳ್ವಿಕೆ ಮುಗಿಯಿತು. ಬ್ರಿಟಿಷರ ಕಾಲದ ದಾಖಲೆಗಳು ಹೇಳುವುದು ಕವಲೇದುರ್ಗ ತಾಲ್ಲೂಕಿನ ಮುಖ್ಯ ಸ್ಥಳ ತೀರ್ಥಹಳ್ಳಿ ಎಂದು. ಕೋಟೆ ಕಾಡಾಯಿತು, ಹೊಳೆಯ ಬದಿಯ ಊರು ಕಚೇರಿಗಳ ಊರಾಯಿತು.

ನಾನು ಬೆಳೆದದ್ದು ಛತ್ರಕೇರಿಯ ಕಡೆ. ಚಿಕ್ಕಂದಿನಲ್ಲಿ ನನ್ನ ಕ್ಯಾಲೆಂಡರಿನಲ್ಲಿ ಎರಡೇ ದಿನಗಳಿಗೆ ಮಹತ್ವವಿತ್ತು. ಎಳ್ಳಮಾವಾಸ್ಯೆಯ ಜಾತ್ರೆಗೆ ತೀರ್ಥಸ್ನಾನ, ತೇರು, ತೆಪ್ಪೋತ್ಸವ ಎಂದು ಮೂರು ದಿನ ಊರಿಗೆ ಊರೇ ಹೊಳೆಯತ್ತ ಮುಖಮಾಡಿರುತ್ತಿತ್ತು. ಇನ್ನೊಂದು, ಮಳೆಗಾಲದಲ್ಲಿ ಕಾಲೇಜು ಆರಂಭವಾಗುವ ದಿನ. ಅಂದು ಕೊಡೆ ಹಿಡಿದ, ಪ್ಯಾಂಟನ್ನು ಮೊಣಕಾಲವರೆಗೆ ಮಡಿಚಿದ, ಮುಖ ಪರಿಚಯವಿಲ್ಲದ ಹುಡುಗ ಹುಡುಗಿಯರು ಆಜಾದ್ ರಸ್ತೆಯ ತುಂಬ ಕಾಣಿಸಿಕೊಳ್ಳುತ್ತಿದ್ದರು. ಜಾತ್ರೆಗೆ ಬಂದವರು ಮೂರು ದಿನಕ್ಕೆ ಹೊರಟುಹೋಗುತ್ತಿದ್ದರು, ಇವರು ಮೂರು ವರ್ಷ ಇರುತ್ತಿದ್ದರು. ಇವರೆಲ್ಲ ಎಲ್ಲಿಂದ, ಯಾರ ದುಡ್ಡಿನಲ್ಲಿ, ಯಾವ ಧೈರ್ಯದಲ್ಲಿ ಬಂದರು? ಇದು ನನ್ನ ಪ್ರಶ್ನೆ. ದೊಡ್ಡ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಬಂದವರ ದಾರಿಯನ್ನು ಹಿಡಿದು ಉತ್ತರ ಹೇಳಬೇಕೆಂದು ಕೋರುತ್ತೇನೆ.

ಆರಗದ ದಾರಿ:

ಹೊಳೆಬದಿಯವರ ಪ್ರಶ್ನೆಗೆ ನನ್ನ ಮನೆಯಲ್ಲೇ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ನನ್ನ ಅಜ್ಜ ಗೇಣಿ ಒಕ್ಕಲು. ಬೆಳೆದ ಭತ್ತದಲ್ಲಿ ಒಡೆಯರ ಕಣಜಕ್ಕೆ ಹೋಗುವುದು ಹೋದ ಮೇಲೆ ಉಳಿದದ್ದು ಮುಂದಿನ ಗದ್ದೆ ನಟ್ಟಿಯವರೆಗೆ ಸಾಲುತ್ತಿರಲಿಲ್ಲ. ಆ ಮನೆಯಿಂದ ಒಬ್ಬ ಹುಡುಗನನ್ನು ಕಾಲೇಜಿಗೆ ಕಳುಹಿಸುವುದೆಂದರೆ ದುಡಿಯುವ ಎರಡು ಕೈಗಳನ್ನು ಕಳೆದುಕೊಳ್ಳುವುದೆಂದು ಅರ್ಥ.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ ಆರಂಭವಾದ ಆ ಸತ್ಯಾಗ್ರಹ ಉಳುವವನಿಗೆ ಭೂಮಿ ಎಂಬ ಪ್ರಶ್ನೆಯಾಗಿ ಬೆಳೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ನಮ್ಮ ಆರಗದಲ್ಲಿ 1923ರಲ್ಲಿ ಹುಟ್ಟಿದವರು. ಅವರು 1952ರಲ್ಲಿ ಸಾಗರದ ಕಡೆಯಿಂದ ವಿಧಾನಸಭೆಗೆ ಹೋದರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದಲೇ ಆರಿಸಿಬಂದರು. ಇನ್ನೊಂದು ಪಕ್ಷದಲ್ಲಿದ್ದುಕೊಂಡು ಗೇಣಿದಾರರ ಪರವಾದ ಕಾನೂನುಗಳಿಗೆ ಶ್ರಮಿಸಿದ, 1956ರಲ್ಲಿ ಕೆಲವು ತಿಂಗಳ ಕಾಲ ಮುಖ್ಯಮಂತ್ರಿಯಾಗಿದ್ದ ಕಡಿದಾಳು ಮಂಜಪ್ಪನವರೂ ಇದೇ ತಾಲ್ಲೂಕಿನವರು ಎಂಬುದನ್ನು ಮರೆಯಬಾರದು.

ಆದರೆ ನಮ್ಮ ಮನೆಗೆ ಬದಲಾವಣೆ ಬಂದದ್ದು 1974ರ ಮಾರ್ಚ್ 1ರ ನಂತರ, ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದ ಮೇಲೆ. ಗೇಣಿ ಭೂಮಿ ಸರ್ಕಾರದ ವಶವಾಗಿ, ಒಕ್ಕಲು ಮಾಡುತ್ತಿದ್ದವನು ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ತೋರಿಸಬೇಕಿತ್ತು. ಆರಂಭದಲ್ಲಿ ನ್ಯಾಯಮಂಡಳಿಯ ಎದುರು ವಕೀಲರು ವಾದಿಸುವಂತಿರಲಿಲ್ಲ. ಬಡವನಿಗೆ ಅನುಕೂಲವಾಗಲೆಂದೇ ಮಾಡಿದ ನಿಯಮ ಅದು. ಅದರ ಫಲವಾಗಿ ಅಜ್ಜ ತಾನೇ ಹೋಗಿ ಮಾತನಾಡಬೇಕಾಯಿತು. ಪಹಣಿಯಲ್ಲಿ ಏನು ಬರೆದಿದೆ ಎಂದು ಓದಿ ಹೇಳಲು ಮನೆಯಲ್ಲಿದ್ದವರು ಒಬ್ಬರೇ, ಆಗ ತೀರ್ಥಹಳ್ಳಿಯಲ್ಲಿ ಪಿಯುಸಿ ಓದುತ್ತಿದ್ದ ನನ್ನ ಚಿಕ್ಕಪ್ಪ. ವಿಚಾರಣೆಯ ಹಿಂದಿನ ರಾತ್ರಿ ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಸರ್ವೆ ನಂಬರುಗಳನ್ನು ಚಿಕ್ಕಪ್ಪ ಓದುತ್ತಿದ್ದುದನ್ನೂ ಅಜ್ಜ ಅವನ್ನು ಮಂತ್ರದಂತೆ ಬಾಯಿಪಾಠ ಮಾಡುತ್ತಿದ್ದುದನ್ನೂ ನನ್ನ ತಂದೆ ಈಗಲೂ ಹೇಳುತ್ತಾರೆ. ಎರಡು ಎಕರೆ ಗದ್ದೆ ನಮ್ಮದಾದ ಮೇಲೆ ಮನೆಯ ಯಾವ ಹುಡುಗನ ಓದನ್ನೂ ಯಾರೂ ಪ್ರಶ್ನಿಸಲಿಲ್ಲ. ತೀರ್ಥಹಳ್ಳಿಯನ್ನು ಕಾಲೇಜಿನ ಊರು ಮಾಡಿದ್ದು ಭೂಮಿಯ ಹೋರಾಟ ಎಂದು ನಾನು ಹೇಳುವುದು ಈ ಕಾರಣಕ್ಕೆ.

ತೋಟದ ಮನೆ:

ಆರಗದವರ ಮನೆಯ ಕಥೆ ಓದಿ ಮನಸ್ಸು ತುಂಬಿ ಬಂತು. ಆದರೆ ಕಾಲಕ್ರಮದ ಒಂದು ತೊಡಕನ್ನು ವಿನಯದಿಂದ ಎತ್ತುತ್ತೇನೆ. ನಮ್ಮ ಊರಿನ ಕಾಲೇಜಾದ ತುಂಗಾ ಮಹಾವಿದ್ಯಾಲಯ ಬಂದದ್ದು 1960ರ ದಶಕದಲ್ಲಿ, ಏಳನೇ ನಂಬರ್ ಫಾರಮಿಗಿಂತ ಮೊದಲು. ಹಾಗಿದ್ದ ಮೇಲೆ ಕಾಲೇಜು ಬೇಕು ಎಂಬ ಆಸೆಯೂ ಅದನ್ನು ನಡೆಸುವ ಶಕ್ತಿಯೂ ಭೂಸುಧಾರಣೆಗೆ ಮುಂಚೆಯೇ ಊರಿನಲ್ಲಿದ್ದವು. ಅದರ ಒಂದು ಬೇರು ಅಡಿಕೆ ತೋಟದಲ್ಲಿದೆ ಎಂದು ನನ್ನ ಅಭಿಪ್ರಾಯ.

ನಮ್ಮ ಕಡೆಯ ಅಡಿಕೆ ಕರಾವಳಿಯಂತೆ ಹಣ್ಣಾಗುವವರೆಗೆ ಕಾಯುವುದಲ್ಲ. ಕಾಯಿ ಎಳೆಯದಾಗಿರುವಾಗಲೇ ಕೊನೆ (ಗೊನೆ) ತೆಗೆದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿದ ಒಗರು ರಸದಲ್ಲಿ) ಬೇಯಿಸಿ, ಒಣಗಿಸಿ, ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಮಾರುವುದು. ಕೆಲಸ ಬಹಳ, ಬೆಲೆಯೂ ಹೆಚ್ಚು. ಬೆಳೆಗಾರರು ಮಂಡಿಯವರ ಹಿಡಿತದಿಂದ ಹೊರಬರಲು 1939ರಲ್ಲೇ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಸಹಕಾರ ಸಂಘ ಕಟ್ಟಿಕೊಂಡಿದ್ದರು. ಹತ್ತು ಜನ ಸೇರಿ ಲೆಕ್ಕಪತ್ರ ಇಟ್ಟು ಸಂಸ್ಥೆ ನಡೆಸುವ ಅಭ್ಯಾಸ ಅಲ್ಲಿ ಬಂತು, ಮುಂದೆ ಶಾಲೆ ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಕುಳಿತವರೂ ಬಹುಪಾಲು ಅಂಥವರೇ.

ಆದರೆ ತೋಟ ಇದ್ದವರ ಮಕ್ಕಳೆಲ್ಲ ಸುಲಭವಾಗಿ ಓದಿದರು ಎಂದು ಯಾರೂ ತಿಳಿಯಬಾರದು. ಕಾಲೇಜಿನ ಶುಲ್ಕ ಕಟ್ಟಬೇಕಾದದ್ದು ಜೂನ್, ಜುಲೈನಲ್ಲಿ. ಅಡಿಕೆಯ ದುಡ್ಡು ಕೈಗೆ ಬರುವುದು ಚಳಿಗಾಲದ ಕೊಯ್ಲು ಮುಗಿದು ಸರಕು ಮಂಡಿಗೆ ಹೋದ ಮೇಲೆ. ನಡುವಿನ ಆರು ತಿಂಗಳು ಸಾಲವೇ ಗತಿ. ಶುಲ್ಕ ಕಟ್ಟುವ ಅದೇ ವಾರಗಳಲ್ಲಿ ಕೊಳೆರೋಗದ ಭಯವೂ ಇರುತ್ತದೆ. ಮಳೆ ಬಿಡುವು ಕೊಡದೆ ಮೈಲುತುತ್ತದ ಔಷಧಿ ಹೊಡೆಯಲಾಗದೆ ಹೋದರೆ ಕಾಯಿಯೆಲ್ಲ ನೆಲಕ್ಕೆ. ನಾನು ಪದವಿಯ ಎರಡನೇ ವರ್ಷದಲ್ಲಿದ್ದಾಗ ಹಾಗೆಯೇ ಆಯಿತು. ಮುಕ್ಕಾಲು ಫಸಲು ಹೋದ ಆ ವರ್ಷ ನನ್ನ ಅಮ್ಮ ಬಳೆ ಅಡವಿಟ್ಟು ಪರೀಕ್ಷೆಯ ಶುಲ್ಕ ಕಟ್ಟಿದರು.

ಕೊಪ್ಪದ ಕಡೆಯವಳು:

ಭೂಮಿ, ಅಡಿಕೆ ಎರಡರ ಮಾತೂ ಬಂತು. ಎರಡೂ ಮಾತುಗಳಲ್ಲಿ ಓದಲು ಹೋದವರು ಗಂಡುಮಕ್ಕಳು. ಹೆಣ್ಣುಮಕ್ಕಳ ಮಟ್ಟಿಗೆ ಹೇಳುವುದಾದರೆ ನಮ್ಮನ್ನು ಕಾಲೇಜಿಗೆ ತಂದದ್ದು ಬಸ್ಸು, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಮಲೆನಾಡಿನ ಹಳ್ಳಿಯೆಂದರೆ ಬಯಲುಸೀಮೆಯಂತೆ ಮನೆಗೆ ಮನೆ ಅಂಟಿಕೊಂಡ ಊರಲ್ಲ. ಒಂದು ಕಣಿವೆಗೆ ಒಂದು ಮನೆ, ಗುಡ್ಡ ಹತ್ತಿಳಿದರೆ ಇನ್ನೊಂದು. ನಮ್ಮ ಮನೆಯಿಂದ ಟಾರು ರಸ್ತೆಗೆ ಮೂರು ಮೈಲಿ ನಡಿಗೆ, ನಡುವೆ ಒಂದು ಹಳ್ಳ. ಹಳ್ಳದ ಮೇಲೆ ಅಡಿಕೆ ಮರದ ಎರಡು ದಬ್ಬೆ ಜೋಡಿಸಿದ ಕಾಲುಸಂಕ. ಆರಿದ್ರಾ ಮಳೆ ಹಿಡಿದರೆ ಆ ಸಂಕ ಪಾಚಿ ಕಟ್ಟಿ ಜಾರುತ್ತಿತ್ತು, ಪುಷ್ಯ ಮಳೆಯಲ್ಲಿ ಕೆಲವು ದಿನ ನೀರು ಅದರ ಮೇಲೆಯೇ ಹರಿಯುತ್ತಿತ್ತು. ಅಪ್ಪಯ್ಯ ಬೆಳಗ್ಗೆ ಕಂಬಳಿ ಕೊಪ್ಪೆ ಹೊದ್ದು ಸಂಕದವರೆಗೆ ಬಂದು, ನಾನು ದಾಟಿ ಆಚೆ ದಡದಲ್ಲಿ ನಿಂತು ಕೈ ಎತ್ತಿದ ಮೇಲೆ ಹಿಂದಿರುಗುತ್ತಿದ್ದರು. ಮೂರು ವರ್ಷ ಹಾಗೆ ನಡೆಯಿತು. ಒಂದು ದಿನವೂ ಅವರು ಕಾಲೇಜು ಬಿಡು ಎನ್ನಲಿಲ್ಲ. ಹೇಳಿದವರು ನೆಂಟರು.

ರಸ್ತೆಗೆ ಬಂದ ಮೇಲೆ ಬಸ್ಸಿನ ಆಸರೆ. ಹಿಂದೆ ನಮ್ಮ ದಾರಿಯಲ್ಲಿ ಓಡಾಡುತ್ತಿದ್ದ ಖಾಸಗಿ ಕಂಪನಿಯೊಂದು ನಿಂತುಹೋದಾಗ ಅಲ್ಲಿ ಕೆಲಸ ಮಾಡುತ್ತಿದ್ದವರೇ ಕೂಡಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಾರಿಗೆಯನ್ನು ಕಟ್ಟಿದರು. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳೇ ಒಡೆಯರಾಗಿದ್ದ ಸಂಸ್ಥೆ ಅದು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಡುತ್ತಿದ್ದರು. ಕಂಡಕ್ಟರಣ್ಣನಿಗೆ ಪ್ರತಿಯೊಬ್ಬ ಹುಡುಗಿ ಯಾವ ಗೇಟಿನಲ್ಲಿ ಹತ್ತುತ್ತಾಳೆ, ಯಾವ ಮನೆಯವಳು ಎಂದು ಗೊತ್ತಿರುತ್ತಿತ್ತು. ನಾನು ಸಂಕ ದಾಟಲು ತಡವಾದ ದಿನ ಬಸ್ಸು ಒಂದೆರಡು ನಿಮಿಷ ನಿಂತದ್ದುಂಟು. ಸಂಜೆಯ ಕೊನೆಯ ಬಸ್ಸಿನಲ್ಲಿ ಮಗಳು ಬರುತ್ತಾಳೆ ಎಂಬ ನಂಬಿಕೆ ಇಲ್ಲದಿದ್ದರೆ ನಮ್ಮ ಕಡೆಯ ಎಷ್ಟು ಮನೆಗಳು ಹೆಣ್ಣುಮಕ್ಕಳನ್ನು ಹತ್ತನೇ ತರಗತಿಗೆ ನಿಲ್ಲಿಸಿಬಿಡುತ್ತಿದ್ದವು! 2020ರಲ್ಲಿ ಆ ಬಸ್ಸುಗಳು ನಿಂತಾಗ ನಾನು ಬೆಂಗಳೂರಿನಲ್ಲಿದ್ದೆ. ಸುದ್ದಿ ಓದಿ, ಮನೆಯವರೊಬ್ಬರು ತೀರಿಕೊಂಡಾಗ ಆಗುವಂಥ ಸಂಕಟವಾಯಿತು.

ಊರಿನ ಇತಿಹಾಸ ಬರೆಯುವವರು ಕಾಲೇಜಿನ ಕಟ್ಟಡದ ಅಡಿಗಲ್ಲಿನ ದಿನವನ್ನು ಬರೆಯುವಂತೆ ಬಸ್ಸಿನ ವೇಳಾಪಟ್ಟಿಯನ್ನೂ ಬರೆಯಬೇಕು ಎಂಬುದು ನನ್ನ ಬೇಡಿಕೆ.

ಸಹ್ಯಾದ್ರಿಯ ಹಳೆಯ ವಿದ್ಯಾರ್ಥಿ:

ನಾನು ಶಿವಮೊಗ್ಗದವನು, ಆದರೂ ನದಿ ಒಂದೇ ಆದ್ದರಿಂದ ಎರಡು ಮಾತು. ಕಾಲೇಜಿಲ್ಲದ ಕಾಲದಲ್ಲಿ ದಾರಿ ಎತ್ತ ಹೋಗುತ್ತಿತ್ತು ಎಂಬುದನ್ನು ಮೊದಲು ನೋಡಬೇಕು. ಕುಪ್ಪಳಿಯ ಬಾಲಕ ಕುವೆಂಪು ತೀರ್ಥಹಳ್ಳಿಯ ಶಾಲೆಯನ್ನು ಮುಗಿಸಿದ ಮೇಲೆ ಮೈಸೂರಿಗೆ ಹೋಗಬೇಕಾಯಿತು. ಹೋದವರಲ್ಲಿ ಅನೇಕರು ಮರಳಿ ಬರಲಿಲ್ಲ, ರಜೆಗೆ ಮಾತ್ರ ಬಂದರು. ಶಿವಮೊಗ್ಗಕ್ಕೆ 1940ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜು ಬಂದಾಗ ಮಲೆನಾಡಿನವರಿಗೆ ಆ ದೂರ ಕಡಿಮೆಯಾಯಿತು. ಮುಂದೆ ಸಹ್ಯಾದ್ರಿ ಎಂಬ ಹೆಸರು ಪಡೆದದ್ದು ಅದೇ. ತೀರ್ಥಹಳ್ಳಿಗೆ ಕಾಲೇಜು ಬಂದಾಗ ಇನ್ನೂ ಅರವತ್ತು ಕಿಲೋಮೀಟರ್ ಕಡಿಮೆಯಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಎರಡೂ ಊರುಗಳ ಪರೀಕ್ಷೆಗಳು ಮೈಸೂರು ವಿಶ್ವವಿದ್ಯಾಲಯದವೇ.

ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಎಂದು ನಾವು ಕೇಳುವಂತೆ ನಿಮ್ಮವರು ರಾಮಮಂಟಪ ಮುಳುಗಿತೇ ಎಂದು ಕೇಳುತ್ತಾರೆ. ನನ್ನ ಸಹಪಾಠಿಗಳಲ್ಲಿ ತೀರ್ಥಹಳ್ಳಿಯವರಿಗೆ ಊರಿನಿಂದ ರಾಮಮಂಟಪ ಮುಳುಗಿದ ಸುದ್ದಿ ಬಂತೆಂದರೆ, ನಮ್ಮ ಮಂಟಪದ ಮೇಲೂ ನೀರು ಬರುವ ಹೊತ್ತಾಯಿತೆಂದು ನಾವೆಲ್ಲ ಸೇತುವೆಯ ಮೇಲೆ ಹೋಗಿ ನಿಲ್ಲುತ್ತಿದ್ದೆವು.

ನಿವೃತ್ತ ಕನ್ನಡ ಅಧ್ಯಾಪಕ:

ಮೊದಲಿಗೆ ಒಂದು ಸಣ್ಣ ತಿದ್ದುಪಡಿ, ಅಧ್ಯಾಪಕನ ಹಳೆಯ ಅಭ್ಯಾಸವೆಂದು ಕ್ಷಮಿಸಬೇಕು. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ಬೆಳೆದದ್ದು ನಮ್ಮ ತಾಲ್ಲೂಕಿನ ಕುಪ್ಪಳಿಯಲ್ಲಿ. ಅನಂತಮೂರ್ತಿಯವರು ಹುಟ್ಟಿದ್ದು ಮೇಳಿಗೆಯಲ್ಲಿ, 1932ರಲ್ಲಿ. ಇಬ್ಬರೂ ನಮ್ಮವರೇ, ಆದರೆ ಕೊಪ್ಪದವರ ಪಾಲನ್ನು ಕೊಪ್ಪದವರಿಗೆ ಕೊಡೋಣ.

ಸಹ್ಯಾದ್ರಿಯವರು ಹೇಳಿದ ದಾರಿಯನ್ನು ನಾನು ಇನ್ನಷ್ಟು ಮುಂದಕ್ಕೆ ಒಯ್ಯುತ್ತೇನೆ. ತೀರ್ಥಹಳ್ಳಿಯಿಂದ ಮೈಸೂರಿಗೆ ಹೋದ ಆ ಬಾಲಕ 1956ರಿಂದ 1960ರವರೆಗೆ ಅದೇ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಮಾನಸಗಂಗೋತ್ರಿಯನ್ನು ಕಟ್ಟಿದರು, ಉನ್ನತ ಶಿಕ್ಷಣ ಕನ್ನಡದಲ್ಲಿ ದೊರೆಯಬೇಕೆಂದು ಹಟ ಹಿಡಿದರು. ನಮ್ಮ ತರಗತಿಗಳಲ್ಲಿ ಕುಳಿತವರಿಗೆ ಆ ಹಟ ಏನನ್ನು ಕೊಟ್ಟಿತು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಬಂದ ಹುಡುಗಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು ಎಂದಾದಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ತನ್ನ ಮನೆಯ ಗೇಣಿ ಪದ್ಧತಿಯನ್ನೇ ಉದಾಹರಣೆಯಾಗಿ ಬರೆದು ಒಬ್ಬ ವಿದ್ಯಾರ್ಥಿನಿ ತಂದ ಉತ್ತರಪತ್ರಿಕೆಯನ್ನು ಅರ್ಥಶಾಸ್ತ್ರದ ಸಹೋದ್ಯೋಗಿ ಸಿಬ್ಬಂದಿ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದ್ದು ನೆನಪಿದೆ.

ನಮ್ಮ ಹಾಜರಿ ಪುಸ್ತಕವನ್ನು ಯಾರಾದರೂ ನೋಡಿದ್ದರೆ ತಾಲ್ಲೂಕಿನ ಬೇಸಾಯದ ಪಂಚಾಂಗ ಅಲ್ಲಿ ಸಿಗುತ್ತಿತ್ತು. ನಟ್ಟಿಯ ದಿನಗಳಲ್ಲಿ ಹಿಂದಿನ ಬೆಂಚುಗಳು ಖಾಲಿ. ಕೊನೆ ಕೊಯ್ಲು ಶುರುವಾದರೆ ಮತ್ತೆ ಖಾಲಿ, ಬಂದವರ ಬೆರಳುಗಳಲ್ಲಿ ಅಡಿಕೆ ಸುಲಿದ ಕಪ್ಪು ಕಲೆ. ರಾತ್ರಿ ಹನ್ನೆರಡರವರೆಗೆ ಮೆಟ್ಟುಗತ್ತಿಯ ಮೇಲೆ ಕುಳಿತು ಬಂದವನು ಬೆಳಗ್ಗೆ ಹತ್ತರ ತರಗತಿಯಲ್ಲಿ ತೂಕಡಿಸಿದರೆ ಎಬ್ಬಿಸಲು ಮನಸ್ಸು ಬರುತ್ತಿರಲಿಲ್ಲ. ಹಾಜರಿ ಕಡಿಮೆಯಾದ ಕಾರಣಕ್ಕೆ ಪರೀಕ್ಷೆಗೆ ಕೂರದಂತೆ ತಡೆದದ್ದು ನನ್ನ ಕೈಯಿಂದಲೂ ಒಮ್ಮೆ ಆಗಿದೆ. ಆ ಹುಡುಗ ಮತ್ತೆ ಬರಲಿಲ್ಲ. ಇಂದಿಗೂ ಆ ಹೆಸರು ನನಗೆ ಮರೆತಿಲ್ಲ.

ನನ್ನಲ್ಲಿ ಓದಿದ ಸಾವಿರಾರು ಜನರಲ್ಲಿ ಸಾಹಿತಿಗಳಾದವರು ಬೆರಳೆಣಿಕೆಯಷ್ಟು. ಉಳಿದವರು ಪ್ರಾಥಮಿಕ ಶಾಲೆಯ ಶಿಕ್ಷಕರು, ಬ್ಯಾಂಕಿನ ಗುಮಾಸ್ತರು, ಸೊಸೈಟಿಯ ಕಾರ್ಯದರ್ಶಿಗಳು, ನರ್ಸುಗಳು, ಕೃಷಿಕರು. ಆದರೆ ಅವರೆಲ್ಲರಲ್ಲಿ ಒಂದು ಗುಣ ಕಂಡಿದ್ದೇನೆ, ವಾದಿಸುವ ಗುಣ. ಸಂಜೆ ಹೊಳೆಯ ಮೆಟ್ಟಿಲ ಮೇಲೆ, ಕೊಪ್ಪ ಸರ್ಕಲ್ಲಿನ ಚಹಾದಂಗಡಿಯಲ್ಲಿ, ಯಕ್ಷಗಾನದ ರಂಗಸ್ಥಳದ ಹಿಂದೆ, ಎಲ್ಲೆಂದರಲ್ಲಿ ಒಂದು ವಿಷಯ ಹಿಡಿದು ಗಂಟೆಗಟ್ಟಲೆ ವಾದಿಸಿ, ಕೊನೆಗೆ ಒಂದೇ ಕೊಡೆಯಲ್ಲಿ ಮನೆಗೆ ಹೋಗುತ್ತಿದ್ದರು. 2001ರ ಜನಗಣತಿಯಲ್ಲೂ ಹದಿನೈದು ಸಾವಿರ ಮುಟ್ಟದ ಜನಸಂಖ್ಯೆಯ ಊರಿದು. ಇಷ್ಟು ಸಣ್ಣ ಊರಿನಲ್ಲಿ ಸಮಾಜವಾದಿಯೂ ಕಾಂಗ್ರೆಸ್ಸಿಗನೂ ಸಂಘದವನೂ ಕಮ್ಯುನಿಸ್ಟನೂ ಒಂದೇ ಹೋಟೆಲಿನಲ್ಲಿ ಇಡ್ಲಿ ತಿನ್ನಲೇಬೇಕು, ಬೇರೆ ಹೋಟೆಲಿಗೆ ಹೋದರೆ ಅಲ್ಲಿಯೂ ಅವರೇ ಸಿಗುತ್ತಾರೆ. ಹೀಗೆ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲಾಗದ ಊರಾದದ್ದರಿಂದಲೇ ನಮ್ಮವರ ವಾದ ಜಗಳಕ್ಕೆ ತಿರುಗದೆ ಬಹುಕಾಲ ಬಾಳಿತು ಎಂದು ನನಗನಿಸುತ್ತದೆ.

ಹೊಳೆಯಾಚೆ:

ಮೇಷ್ಟ್ರೆ, ತಮ್ಮ ಬರಹವನ್ನು ಗೌರವದಿಂದ ಓದಿದೆ. ಒಂದೇ ಹೋಟೆಲಿನಲ್ಲಿ ಎಲ್ಲರೂ ಎಂಬ ಮಾತಿನ ಬಳಿ ಮಾತ್ರ ಸ್ವಲ್ಪ ನಿಲ್ಲಬೇಕಾಯಿತು. ನಾನು ಕುರುವಳ್ಳಿಯವನು. ನಮ್ಮದು ಬಂಡೆಯಲ್ಲಿ ಕಲ್ಲು ಒಡೆಯುವ ಮನೆತನ. ನನ್ನ ತಂದೆಯವರ ಹುಡುಗತನದಲ್ಲಿ ಆ ಹೋಟೆಲುಗಳ ಒಳಗೆ ಕೂರುವ ಧೈರ್ಯ ಅವರಿಗಿರಲಿಲ್ಲ. ಲೋಟ ಹೊರಗೆ ಇರುತ್ತಿತ್ತು, ಕುಡಿದು ತೊಳೆದಿಡಬೇಕಿತ್ತು.

ಇಲ್ಲಿಯವರೆಗಿನ ಮಾತಿನಲ್ಲಿ ಗೇಣಿದಾರರಿದ್ದಾರೆ, ತೋಟದವರಿದ್ದಾರೆ. ಏಳನೇ ನಂಬರ್ ಫಾರಂ ತುಂಬಲು ಗೇಣಿ ಚೀಟಿಯಾದರೂ ಇರಬೇಕಿತ್ತು, ಸಾಗುವಳಿಯನ್ನು ಕಂಡ ಸಾಕ್ಷಿಯಾದರೂ ಇರಬೇಕಿತ್ತು. ಕೂಲಿ ಮಾಡುತ್ತಿದ್ದವರಿಗೆ, ಕಲ್ಲು ಒಡೆಯುತ್ತಿದ್ದವರಿಗೆ ತುಂಬಲು ಫಾರಮೇ ಇರಲಿಲ್ಲ. 1974ರ ಕಾನೂನು ದೊಡ್ಡ ಕೆಲಸ ಮಾಡಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ನಮ್ಮ ಕೇರಿಯ ಬಾಗಿಲವರೆಗೆ ಬರಲಿಲ್ಲ. ನಮ್ಮನ್ನು ಓದಿಸಿದ್ದು ಸರ್ಕಾರಿ ಹಾಸ್ಟೆಲು. ಸೇತುವೆ ದಾಟಿದರೆ ಹತ್ತು ಹದಿನೈದು ನಿಮಿಷದಲ್ಲಿ ಮನೆ ಸಿಗುತ್ತಿತ್ತು. ಆದರೂ ನಾನು ಹಾಸ್ಟೆಲಿನಲ್ಲಿ ಉಳಿದೆ, ಏಕೆಂದರೆ ಮನೆಯಲ್ಲಿ ದೀಪ ಇರಲಿಲ್ಲ, ಹಾಸ್ಟೆಲಿನಲ್ಲಿ ಇತ್ತು. ಎರಡು ಹೊತ್ತು ಊಟ, ಒಂದು ಟ್ರಂಕು ಇಡುವಷ್ಟು ಜಾಗ, ರಾತ್ರಿ ಹತ್ತರವರೆಗೆ ದೀಪ. ಇಷ್ಟರಿಂದ ನಮ್ಮ ಮನೆಯ ಮೊದಲ ಪದವೀಧರ ನಾನಾದೆ.

ಕಮಾನಿನ ಸೇತುವೆಯನ್ನು ನೋಡಲು ಪ್ರವಾಸಿಗರು ನಿಲ್ಲುತ್ತಾರೆ, ಫೋಟೋ ತೆಗೆಯುತ್ತಾರೆ. ನನಗೆ ಅದು ನಾನು ಆಚೆಯಿಂದ ಈಚೆಗೆ ಬಂದ ದಾರಿ. ಊರಿನ ಮನೆಗಳ, ಕಟ್ಟಡಗಳ ಪಾಯಕ್ಕೆ ಕುರುವಳ್ಳಿಯ ಬಂಡೆಯಿಂದ ಎಷ್ಟೋ ಕಲ್ಲು ಹೋಗಿದೆ. ಯಾವ ಕಟ್ಟಡಕ್ಕೆ ಯಾವ ವರ್ಷ ಕಲ್ಲು ಸಾಗಿಸಿದೆವು ಎಂಬುದನ್ನು ನನ್ನ ತಂದೆ ಬೆರಳು ಮಡಿಸಿ ಹೇಳುತ್ತಾರೆ. ಹೊಳೆಬದಿಯವರು ಬಂದವರ ದಾರಿಯನ್ನು ಕೇಳಿದ್ದಾರೆ. ಕಲ್ಲು ಹೊತ್ತವರು ಬಂದ ದಾರಿಯೂ ಅದರಲ್ಲಿ ಸೇರಬೇಕು.

ನಿವೃತ್ತ ಕನ್ನಡ ಅಧ್ಯಾಪಕ:

ಒಪ್ಪಿದೆ. ನಾನು ಕಂಡ ಹೋಟೆಲು ನಾನು ಕೂರಲು ಸಾಧ್ಯವಿದ್ದ ಹೋಟೆಲು. ಆ ಲೋಟದ ವಿಷಯವನ್ನು ನಾನು ಬರೆಯದೆ ಬಿಟ್ಟದ್ದು ತಪ್ಪು, ಅದು ಊರಿನ ಚರಿತ್ರೆಯಲ್ಲಿ ಬರಲೇಬೇಕು.

ತೋಟದ ಮನೆ:

ನನ್ನದೂ ಒಂದು ಸೇರ್ಪಡೆ. ನಮ್ಮ ತೋಟದ ಕೊನೆ ತೆಗೆಯುತ್ತಿದ್ದವರ ಮಕ್ಕಳು ನನ್ನ ಓರಗೆಯವರು. ಅವರಲ್ಲಿ ಯಾರೂ ನನ್ನೊಡನೆ ಕಾಲೇಜಿಗೆ ಬರಲಿಲ್ಲ. ಅಮ್ಮನ ಬಳೆಯ ಕಥೆ ಬರೆಯುವಾಗ ನನಗೆ ಇದು ನೆನಪಾಗಬೇಕಿತ್ತು. ಅಡವಿಡಲು ಬಳೆಯಾದರೂ ನಮ್ಮಲ್ಲಿತ್ತು.

ಹೊಳೆಬದಿ:

ಎಲ್ಲರ ಬರಹಗಳನ್ನು ಎರಡೆರಡು ಬಾರಿ ಓದಿದೆ. ಒಂದು ಕಾರಣ ಹುಡುಕಲು ಹೊರಟಿದ್ದ ನನಗೆ ಐದಾರು ದಾರಿಗಳು ಸಿಕ್ಕಿವೆ, ಅವೆಲ್ಲ ಒಂದೇ ಕಾಲದಲ್ಲಿ ಒಂದೇ ಬಸ್ ನಿಲ್ದಾಣಕ್ಕೆ ಬಂದು ಸೇರಿವೆ. ಆರಗದವರ ಫಾರಂ, ತೋಟದವರ ಶುಲ್ಕದ ಸಾಲ, ಕೊಪ್ಪದ ಅಕ್ಕನ ಪಾಸು, ಕುರುವಳ್ಳಿಯವರ ಹಾಸ್ಟೆಲು ದೀಪ, ಇವುಗಳಲ್ಲಿ ಯಾವುದು ಮೊದಲು ಎಂದು ನಾನಿನ್ನು ಕೇಳುವುದಿಲ್ಲ.

ಈಗಿನ ಸ್ಥಿತಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ದಾರಿ ಮತ್ತೆ ಹೊರಗೆ ತಿರುಗಿದೆ. ಹತ್ತನೇ ತರಗತಿ ಮುಗಿದ ಕೂಡಲೆ ಮಕ್ಕಳು ಪಿಯುಸಿಗೆ ಮೂಡುಬಿದಿರೆ, ಮಂಗಳೂರು ಎಂದು ಘಟ್ಟ ಇಳಿಯುತ್ತಾರೆ, ಅಲ್ಲಿಂದ ಬೆಂಗಳೂರು. ಅಡಿಕೆಗೆ ಎಲೆಚುಕ್ಕೆ ರೋಗ ಹರಡಿದ ಮೇಲೆ ತೋಟವಿದ್ದವರಿಗೂ ಮಕ್ಕಳನ್ನು ಇಲ್ಲೇ ಉಳಿಸಿಕೊಳ್ಳುವ ಧೈರ್ಯ ಇಲ್ಲ. ನಾನು ಅವರನ್ನು ದೂರುವುದಿಲ್ಲ, ನಾನೂ ಹೋದವನೇ. ಆದರೆ ಇಲ್ಲಿ ಓದಿದ ತಲೆಮಾರಿನ ನೆನಪು ಕಾಗದದ ಮೇಲೆ ಬರದಿದ್ದರೆ ಮುಂದಿನವರಿಗೆ ಕೊಡಲಿಯ ಕಥೆ ಮತ್ತು ಎರಡು ಪ್ರಶಸ್ತಿಗಳು ಮಾತ್ರ ಉಳಿಯುತ್ತವೆ.

ಆದ್ದರಿಂದ ಈ ಎಳ್ಳಮಾವಾಸ್ಯೆಗೆ ಊರಿಗೆ ಬರುವವರಲ್ಲಿ ಒಂದು ಕೋರಿಕೆ. ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಏನಿದೆಯೋ ನೋಡಿ ತನ್ನಿ. ಏಳನೇ ನಂಬರ್ ಫಾರಮಿನ ನಕಲು, ಶುಲ್ಕದ ರಸೀದಿ, ಹಾಸ್ಟೆಲಿನ ಗುಂಪು ಚಿತ್ರ, ಬಸ್ಸಿನ ಪಾಸು, ಮಂಡಿಯ ಚೀಟಿ, ಯಾವುದಾದರೂ ಸರಿ. ತೆಪ್ಪೋತ್ಸವದ ದಿನ ಮಧ್ಯಾಹ್ನ ದೇವಸ್ಥಾನದ ಕೆಳಗಿನ ಮೆಟ್ಟಿಲುಗಳ ಮೇಲೆ ಕುಳಿತು ಒಂದೊಂದನ್ನೂ ಯಾರದು, ಯಾವ ವರ್ಷದ್ದು ಎಂದು ಬರೆದಿಟ್ಟುಕೊಳ್ಳೋಣ. ಕಾಗದವಿಲ್ಲದವರು ಮಾತು ತಂದರೆ ಸಾಕು, ಬರೆದುಕೊಳ್ಳಲು ನಾನಿದ್ದೇನೆ.

ಕೊಪ್ಪದ ಕಡೆಯವಳು:

ಎರಡನೇ ವರ್ಷದ ಬಸ್ ಪಾಸು ಇದೆ. ಮಳೆಯಲ್ಲಿ ನೆನೆದು ಫೋಟೋದ ಅರ್ಧ ಮುಖ ಹೋಗಿದೆ, ಊರಿನ ಹೆಸರು ಓದಬಹುದು. ತರುತ್ತೇನೆ.

ಹೊಳೆಯಾಚೆ:

ನನ್ನಲ್ಲಿ ಕಾಗದ ಯಾವುದೂ ಇಲ್ಲ. ತಂದೆಯವರನ್ನು ಕರೆತರುತ್ತೇನೆ. ಅವರಿಗೆ ಈಗ ಮೆಟ್ಟಿಲು ಇಳಿಯುವುದು ಕಷ್ಟ, ಯಾರಾದರೂ ಇನ್ನೊಂದು ಕೈ ಹಿಡಿಯಬೇಕಾಗುತ್ತದೆ.